ಬೂದಿ ಎತ್ತಿನ ಹೆಸರು

ಒರೊಪೊಯ್, ಟರ್ಕಾನಾ ಬಯಲು
2006 ಜನವರಿ 9

ಲೊಚಾಪ್,

ನೀನು ಹೇಗಿದ್ದೀಯ ಎಂದು ನಾನು ಕೇಳುವುದಿಲ್ಲ. ನಿನ್ನ ದನ ಹೇಗಿವೆ ಎಂದೂ ಕೇಳುವುದಿಲ್ಲ. ಚೆನ್ನಾಗಿವೆ ಎಂದರೆ ನನಗೆ ಹೊಟ್ಟೆಯುರಿ. ಸತ್ತವು ಎಂದರೆ ಕದ್ದು ತರಲು ಏನೂ ಉಳಿಯಲಿಲ್ಲವಲ್ಲ ಎಂದು ನಮ್ಮ ಹುಡುಗರಿಗೆ ಬೇಸರ.

ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ಗಡಿ ಜಗಳ ತಡೆಯುವ ದೇಶಗಳ ಸಂಘದ ತಿರುನೆಶ್ ಮೇಡಂ ಬರೆಸುತ್ತಿದ್ದಾರೆ. ಗಡಿಯ ಈ ಕಡೆ ಯಾರ ದನ ಹೋಯಿತು, ಯಾರು ಸತ್ತರು, ಯಾವ ಹಾದಿಯಲ್ಲಿ ಹೊಸ ಹೆಜ್ಜೆ ಕಂಡಿತು ಎಂದು ವಾರಕ್ಕೊಂದು ಫಾರಂ ತುಂಬಿ ಅವರಿಗೆ ಕಳಿಸುವ ಕೆಲಸ ನನ್ನದು. ಬೆಟ್ಟದ ಮೇಲೆ, ನಿಮ್ಮ ಉಗಾಂಡದ ಕಡೆ, ಅದೇ ಕೆಲಸ ನಿನ್ನದು. ಬೆಂಕಿ ಹತ್ತುವ ಮೊದಲು ಹೊಗೆ ಕಾಣಬೇಕಂತೆ. ಹೋದ ವಾರ ಮೇಡಂ ಬಂದಿದ್ದರು.

"ನೀವಿಬ್ಬರೂ ನನಗೆ ಬರೀತೀರಿ. ನೀವು ನೀವೇ ಯಾಕೆ ಬರ್ಕೊಳ್ಳಲ್ಲ?" ಎಂದರು.

"ಅಮ್ಮಾ, ಅವನು ದೊಡೊತ್, ನಾನು ಟರ್ಕಾನಾ. ಬರ್ಕೊಂಡ್ರೆ ಬರೀ ಬೈಗುಳ" ಎಂದೆ.

"ಬೈಕೊಳ್ಳಿ. ಕಾಗದದ ಮೇಲೆ ಬೈದ್ರೆ ಯಾರಿಗೂ ರಕ್ತ ಬರಲ್ಲ" ಎಂದರು.

ಹಾಗಾಗಿ ಬರೆದಿದ್ದೇನೆ. ತರುವವಳು ನಾಲೆಮ್, ಜೇನು ಮಾರುವ ಇಕ್ ಹೆಂಗಸು. ಅವಳ ಜನ ಬೆಟ್ಟದ ಅಂಚಿನಲ್ಲಿ ನಮಗೂ ಸೇರದೆ ನಿಮಗೂ ಸೇರದೆ ಬದುಕುವವರು, ಅವಳನ್ನು ಯಾರೂ ಮುಟ್ಟುವುದಿಲ್ಲ. ಹೊಗೆಸೊಪ್ಪು ನಾನು ಕೊಟ್ಟಿದ್ದೇನೆ. ಇನ್ನೊಮ್ಮೆ ನಿನ್ನ ಹತ್ತಿರವೂ ಕೇಳುತ್ತಾಳೆ, ಕೊಡಬೇಡ, ಮೋಸಗಾತಿ.

ವಿಷಯ ಇಷ್ಟೇ. ಇಲ್ಲಿ ಮೂರನೇ ಮಳೆಯೂ ಕೈಕೊಟ್ಟಿದೆ. ಹೊಳೆಯ ಮರಳನ್ನು ಮೂರಾಳು ಆಳ ತೋಡಿದರೂ ಬೊಗಸೆ ನೀರಿಲ್ಲ. ನಿಮ್ಮ ನಾಮೊರು ಹೊಂಡದಲ್ಲಿ ನೀರಿದೆ ಎಂದು ಎಲ್ಲರಿಗೂ ಗೊತ್ತು. ಮಳೆ ಬೀಳುವವರೆಗೆ ನಮ್ಮ ದನ ಅಲ್ಲಿ ಕುಡಿಯಲು ಬಿಡುತ್ತೀರಾ ಎಂದು ನಮ್ಮ ಹಿರಿಯರು ಕೇಳುತ್ತಿದ್ದಾರೆ. ನಾನು ಕೇಳುತ್ತಿಲ್ಲ, ಅವರು ಕೇಳುತ್ತಿದ್ದಾರೆ.

ಎಸೆಕೊನ್

*

ಕಲಪಾಟಾ
ಜನವರಿ 15

ಎಸೆಕೊನ್,

ನಾಲೆಮ್‌ಗೆ ಹೊಗೆಸೊಪ್ಪು ಕೊಟ್ಟೆ. ನೀನು ಬೇಡ ಎಂದಿದ್ದರಿಂದಲೇ ಎರಡು ಹಿಡಿ ಕೊಟ್ಟೆ.

ನಿನ್ನ ಕಾಗದವನ್ನು ಹಿರಿಯರ ಮುಂದೆ ಓದಿದೆ. ಎಲ್ಲರೂ ನಕ್ಕರು. ಲೊಕುತ್ ಅಜ್ಜನಂತೂ ನಗುತ್ತಾ ನಶ್ಯವನ್ನು ಮೈಮೇಲೆಲ್ಲ ಚೆಲ್ಲಿಕೊಂಡ. "ಟರ್ಕಾನಾದವ್ರು ಕೇಳೋದು ಯಾವಾಗ ಕಲಿತ್ರೋ! ಇಷ್ಟು ದಿನ ಬಂದು ತಗೊಂಡು ಹೋಗ್ತಿದ್ರು" ಎಂದ.

ಅಜ್ಜ ನಕ್ಕ ಮೇಲೆ ಹೇಳಿದ್ದನ್ನೂ ಬರೆಯುತ್ತೇನೆ. ಮೂರು ವರ್ಷದ ಹಿಂದೆ, ಜೋಳ ಹಾಲುಗಟ್ಟುವ ಹೊತ್ತಿಗೆ, ನಿಮ್ಮವರು ನಮ್ಮ ಹಟ್ಟಿಗೆ ನುಗ್ಗಿದರು. ನನ್ನ ಅಣ್ಣ ಲೊಂಗೊಲೆ ಬಾಗಿಲಲ್ಲೇ ಸತ್ತ. ದನ ಹೋದವು, ಅದು ಬಿಡು, ನಾವೂ ನಿಮ್ಮವನ್ನು ಹೊಡೆದುಕೊಂಡು ಬಂದೆವು. ಆದರೆ ದನದ ಜೊತೆ ಅಣ್ಣನ ಬೂದಿ ಎತ್ತು ಹೋಯಿತು. ಕರುವಾಗಿದ್ದಾಗಿನಿಂದ ಅವನು ಹಾಡಿ ಸಾಕಿದ ಎತ್ತು. ಅವನನ್ನು ಯಾರೂ ಲೊಂಗೊಲೆ ಎಂದು ಕರೆಯುತ್ತಿರಲಿಲ್ಲ. ಅಪಾಲೊಪುಸ್, ಬೂದಿ ಎತ್ತಿನ ಅಪ್ಪ, ಎನ್ನುತ್ತಿದ್ದರು. ಗಂಡಸಿಗೆ ಅವನ ಎತ್ತಿನಿಂದ ಹೆಸರು ಎನ್ನುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ, ನೀನೂ ಅದೇ ಹಾಲು ಕುಡಿದವನು.

ಯಜಮಾನ ಸತ್ತರೆ ಅವನ ಎತ್ತನ್ನು ಈಟಿಯಿಂದ ತಿವಿದು, ನಂಟರು ಉಂಡು, ಹೆಸರನ್ನು ಅಲ್ಲಿಗೆ ಮುಗಿಸಬೇಕು. ನಾವು ಯಾವುದನ್ನು ತಿವಿಯೋಣ? ಅಣ್ಣನ ಹೆಸರು ಮೂರು ವರ್ಷದಿಂದ ಹಟ್ಟಿಯ ಬಾಗಿಲಲ್ಲೇ ನಿಂತಿದೆ. ಅತ್ತಿಗೆ ನಾಕೊಂಗ್ ಇನ್ನೂ ತಲೆ ಬೋಳಿಸಿಲ್ಲ, ಮಣಿಸರ ಬಿಚ್ಚಿಲ್ಲ.

ಎತ್ತು ಬರಲಿ. ನೀರಿನ ಮಾತು ಆಮೇಲೆ.

ಲೊಚಾಪ್

*

ಒರೊಪೊಯ್
ಜನವರಿ 23

ಲೊಚಾಪ್,

ಮೂರು ವರ್ಷ! ಅಯ್ಯಾ, ಮೂರು ವರ್ಷದ ಹಿಂದೆ ಹೋದ ಎತ್ತನ್ನು ಇವತ್ತು ಎಲ್ಲಿ ಹುಡುಕಲಿ? ಅದರ ಮಾಂಸ ಯಾವಾಗಲೋ ಕರಗಿತು. ತೊಗಲು ಯಾರದೋ ಕಾಲಲ್ಲಿ ಚಪ್ಪಲಿಯಾಗಿ ಸವೆದೂ ಹೋಗಿರಬೇಕು. ನಿನಗೆ ನೀರು ಕೊಡಲು ಮನಸ್ಸಿಲ್ಲ, ಅದಕ್ಕೊಂದು ಎತ್ತಿನ ನೆಪ.

ಇಲ್ಲಿಯ ಸುದ್ದಿ ಕೇಳು. ನಿನ್ನೆ ನಮ್ಮವ್ವನ ಹಟ್ಟಿಯಲ್ಲಿ ಆರು ಹಸು ಬಿದ್ದವು. ಬಾಲ ಹಿಡಿದು ಎತ್ತಿ ನಿಲ್ಲಿಸಿದರೆ ಒಂದು ಗಳಿಗೆ ನಿಲ್ಲುತ್ತವೆ, ನಮ್ಮ ಮುಖ ನೋಡುತ್ತವೆ, ಮತ್ತೆ ಕೂರುತ್ತವೆ. ಮಕ್ಕಳು ಕಾಡುಹಣ್ಣಿನ ಬೀಜವನ್ನು ಏಳು ನೀರಲ್ಲಿ ಕುದಿಸಿ ಕಹಿ ತೆಗೆದು ತಿನ್ನುತ್ತಿದ್ದಾರೆ. ಆ ಏಳು ನೀರೂ ಎಲ್ಲಿದೆ? ಒಂದೇ ನೀರನ್ನು ಏಳು ಸಲ ಕುದಿಸುತ್ತಾರೆ.

ಮೇಡಂ ಒಂದು ದಾರಿ ಹೇಳಿದ್ದಾರೆ. ನಿನ್ನ ಒಂದು ಮುದಿ ಎತ್ತಿಗೆ ಬದಲಾಗಿ ಹತ್ತು ಕಡಸು. ಸಂಘವೇ ಕೊಡಿಸುತ್ತದೆ. ಹತ್ತು! ನಾನಾಗಿದ್ದರೆ ಅಣ್ಣನನ್ನೂ ಸೇರಿಸಿ ಕೊಟ್ಟುಬಿಡುತ್ತಿದ್ದೆ.

ಮನುಷ್ಯನಾಗಿದ್ದರೆ ಒಪ್ಪಿಕೋ.

ಎಸೆಕೊನ್

*

ಕಲಪಾಟಾ
ಜನವರಿ 30

ಎಸೆಕೊನ್,

ನಿನ್ನ ಕಾಗದದ ಮೊದಲರ್ಧವನ್ನು ಮಾತ್ರ ಹಿರಿಯರಿಗೆ ಓದಿದೆ. "ಅಣ್ಣನನ್ನೂ ಸೇರಿಸಿ" ಎಂಬುದನ್ನು ಓದಲಿಲ್ಲ. ಓದಿದ್ದರೆ ಕಾಗದಕ್ಕೂ ರಕ್ತ ಬರುತ್ತದೆ ಎಂದು ನಿನ್ನ ಮೇಡಂಗೆ ಗೊತ್ತಾಗುತ್ತಿತ್ತು.

ಚಪ್ಪಲಿ ಸವೆದಿದೆ ಅಂದೆಯಲ್ಲ? ನಾಲೆಮ್ ಜೇನಿನ ಸೋರೆಬುರುಡೆ ಇಳಿಸಿ ಇಲ್ಲಿ ನನ್ನ ಮುಂದೆ ಕೂತಿದ್ದಾಳೆ.

"ಒರೊಪೊಯ್‌ನಲ್ಲಿ ಏನು ವಿಶೇಷ?" ಎಂದೆ.

"ಏನಿದೆ ಮಣ್ಣು. ಹಸಿದಿದ್ರೂ ಕುಣಿಯೋದು ಬಿಟ್ಟಿಲ್ಲ. ಒಬ್ಬ ಅಂತೂ ಎರಡೂ ಕೈ ಕೊಂಬಿನ ಹಾಗೆ ಎತ್ತಿ, ಒಂದು ಮುಂದೆ ಒಂದು ಹಿಂದೆ, ಬೂದಿ ಎತ್ತು ಬೂದಿ ಎತ್ತು ಅಂತ ಹಾರಿದ್ದೇ ಹಾರಿದ್ದು."

"ಯಾರವನು?"

"ಜೇನು ಮಾರೋಳು ಮುಖ ನೋಡಲ್ಲಪ್ಪ, ಪಾತ್ರೆ ನೋಡ್ತಾಳೆ."

ಒಂದು ಮುಂದೆ, ಒಂದು ಹಿಂದೆ. ಆ ಕೊಂಬುಗಳನ್ನು ಹಾಗೆ ತಿದ್ದಿದವನು ನನ್ನಣ್ಣ. ಎಡಗೊಂಬಿಗೆ ಎರಡು ವರ್ಷ ಕಲ್ಲು ಕಟ್ಟಿ ಕಣ್ಣಿನ ಕಡೆಗೆ ಅರ್ಧ ಬಾಗಿಸಿದ್ದ. ಎತ್ತು ಬದುಕಿದೆ. ಅಷ್ಟೇ ಅಲ್ಲ, ಯಾವನೋ ಅದರ ಹೆಸರು ಹೊತ್ತು ಕುಣಿಯುತ್ತಿದ್ದಾನೆ. ಸತ್ತವನ ಹೆಸರು ಇಲ್ಲಿ ಬಾಗಿಲಲ್ಲಿ ನಿಂತಿರುವಾಗ ಕೊಂದವನು ಅದನ್ನೇ ಅಲ್ಲಿ ಕೂಗಿಸಿಕೊಳ್ಳುತ್ತಿದ್ದಾನೆ. ನಿನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಚಪ್ಪಲಿ ಎಂದು ಬರೆದೆ.

ಯಾರು ಅವನು?

ಲೊಚಾಪ್

*

ಒರೊಪೊಯ್
ಫೆಬ್ರವರಿ 10

ಲೊಚಾಪ್,

ತಡವಾಯಿತು. ಜ್ವರ ಇತ್ತು.

ಎತ್ತು ಇದ್ದರೂ ಇರಬಹುದು. ಬಯಲು ದೊಡ್ಡದು, ಬೂದಿ ಎತ್ತು ಒಂದೇ ಅಲ್ಲ. ನಾನು ವಿಚಾರಿಸುತ್ತಿದ್ದೇನೆ. ಇಷ್ಟರಲ್ಲಿ ಮೇಡಂ ತಾವೇ ಇದನ್ನು ಬಗೆಹರಿಸುತ್ತೇವೆ ಎಂದಿದ್ದಾರೆ. ಹದಿನಾರನೇ ತಾರೀಕು ನಾಮೊರು ಹೊಂಡದ ಹತ್ತಿರ ಸಭೆ. ಎರಡೂ ಕಡೆಯ ಹಿರಿಯರು ಬರಲಿ, ನಿಮ್ಮ ಎತ್ತಿನ ಕೊರತೆಯನ್ನು ಅಲ್ಲೇ ತುಂಬಿಕೊಡುತ್ತೇವೆ ಎಂದರು.

ಹೆಚ್ಚು ಬರೆಯಲು ಶಕ್ತಿಯಿಲ್ಲ.

ಎಸೆಕೊನ್

*

ಕಲಪಾಟಾ
ಫೆಬ್ರವರಿ 20

ಎಸೆಕೊನ್,

ಆ ದಿನ ನೀನೂ ಅಲ್ಲಿದ್ದೆ. ಆದರೂ ಬರೆಯುತ್ತೇನೆ, ಏಕೆಂದರೆ ನೀನು ಪೂರ್ತಿ ಹೊತ್ತು ನೆಲ ನೋಡುತ್ತಾ ಕೂತಿದ್ದೆ.

ಬಿಳಿ ಡೇರೆ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಗಳನ್ನು ಶಾಲೆಯ ಹಾಗೆ ಸಾಲಾಗಿ ಇಟ್ಟಿದ್ದರು. ನಮ್ಮ ಹಿರಿಯರು ಮರದ ಕೆಳಗೆ, ವಯಸ್ಸಿಗೆ ತಕ್ಕ ಹಾಗೆ, ಅರ್ಧ ಚಂದ್ರದಂತೆ ಕೂರುವವರು. ಇಲ್ಲಿ ಲೊಕುತ್ ಅಜ್ಜನ ಮುಂದಿನ ಸಾಲಲ್ಲಿ ನಿನ್ನೆ ಮೊನ್ನೆ ಮೀಸೆ ಬಂದವನ ಬೆನ್ನು. ಅದನ್ನೂ ನುಂಗಿಕೊಂಡೆವು. ಆಮೇಲೆ ಲಾರಿ ಬಂತು. ಹಿಂದಿನ ಹಲಗೆ ಇಳಿಸಿ ಒಂದು ಬೂದಿ ಎತ್ತನ್ನು ಕೆಳಗಿಳಿಸಿದರು. ಎಲ್ಲೋ ದೂರದ ಸಂತೆಯಲ್ಲಿ ಕೊಂಡದ್ದು. ಕೊಬ್ಬಿದ ಎತ್ತು, ಮೈ ಮಿರಿಮಿರಿ. ಎರಡು ಕೊಂಬೂ ನೆಟ್ಟಗೆ, ಮೇಕೆಮರಿಯ ಹಾಗೆ.

"ಅದೇ ಬಣ್ಣ, ಅದೇ ವಯಸ್ಸು. ಹುಡುಕೋಕೆ ಒಂದು ವಾರ ಹಿಡೀತು" ಎಂದರು ಮೇಡಂ. ಮುಖದಲ್ಲಿ ಸಂತೋಷ. ಪಾಪ ಎನ್ನಿಸಿತು ಒಂದು ಗಳಿಗೆ.

ಅತ್ತಿಗೆ ಎದ್ದು ಹೋಗಿ ಎತ್ತಿನ ಮುಂದೆ ನಿಂತಳು. "ಅಮ್ಮಾ, ನಿಮ್ಮ ಗಂಡ ತೀರಿಕೊಂಡ್ರೆ, ಅದೇ ಬಣ್ಣ ಅದೇ ವಯಸ್ಸು ಅಂತ ನಾನೊಬ್ಬನ್ನ ಹುಡುಕಿ ತರ್ಲಾ?" ಎಂದಳು.

ಹೇಳಿದ್ದನ್ನು ಮೇಡಂಗೆ ತಿರುಗಿಸಿ ಹೇಳಬೇಕಾದವನು ನೀನು. ನೀನು ಹೇಳಲಿಲ್ಲ. ನಾನೇ ಹೇಳಿದೆ. ಆದರೂ ಸಂಘದ ಆಳುಗಳು ಎತ್ತನ್ನು ಕೊಯ್ದರು. ಅದರ ಮಾಂಸವನ್ನು ನಮ್ಮವರು ಒಬ್ಬರೂ ಮುಟ್ಟಲಿಲ್ಲ. ಅಂಥ ಬರಗಾಲದಲ್ಲಿ ನಿಮ್ಮವರೂ ಮುಟ್ಟಲಿಲ್ಲ, ಅದೊಂದು ಮಾತ್ರ ಮೆಚ್ಚಿದೆ. ಹದ್ದುಗಳು ಸಂಘದ ಹೆಸರಲ್ಲಿ ಉಂಡವು.

ಈಗ ಕೆಲಸದ ಮಾತು. ನಾಮೊರುವಿನ ಕೆಳಗಿನ ಕೊರಕಲಿನಲ್ಲಿ ನಿಮ್ಮ ಮೂರು ಹಟ್ಟಿಯವರು ಕದ್ದುಮುಚ್ಚಿ ತಮ್ಮ ದನ ಹತ್ತಿಸಿಕೊಂಡು ಬಂದು ಅಡಗಿದ್ದಾರೆ ಎಂದು ನಮ್ಮ ಹುಡುಗರಿಗೆ ಗೊತ್ತಾಗಿದೆ. ಬಂದೂಕಿಗೆ ಎಣ್ಣೆ ಹಾಕುತ್ತಿದ್ದಾರೆ. ಮೇಕೆ ಕೊಯ್ದು ಕರುಳಿನಲ್ಲಿ ಶಕುನ ನೋಡಿಯೂ ಆಯಿತು. ಚಂದ್ರ ಸತ್ತು ಮತ್ತೆ ಹುಟ್ಟುವ ಹೊತ್ತಿಗೆ ನಿಮ್ಮವರು ಇರುವುದಿಲ್ಲ. ಇದನ್ನು ಎಚ್ಚರಿಕೆ ಎಂದುಕೊಳ್ಳಬೇಡ. ಬೆದರಿಕೆ. ಫಾರಂನಲ್ಲೂ ಹಾಗೇ ಬರೆದು ಕಳಿಸಿದ್ದೇನೆ.

ಲೊಚಾಪ್

*

ಒರೊಪೊಯ್
ಫೆಬ್ರವರಿ 24

ಲೊಚಾಪ್,

ಕೊರಕಲಿನಲ್ಲಿ ಇರುವವರಲ್ಲಿ ನಮ್ಮವ್ವನೂ ಒಬ್ಬಳು. ಉಳಿದ ಹದಿನೆಂಟು ಹಸುವಿನ ಜೊತೆ. ಬೇಡ ಎಂದರೂ ಹೋದಳು. "ಇಲ್ಲಿದ್ರೆ ಬಾಯಾರಿ ಸಾಯ್ತೀನಿ, ಅಲ್ಲಿದ್ರೆ ಗುಂಡಿಗೆ ಸಾಯ್ತೀನಿ. ಅಲ್ಲಾದ್ರೆ ನೀರು ಕುಡಿದಾದ್ರೂ ಸಾಯ್ತೀನಿ" ಎಂದಳು. ಈಗ ಮೇಲಿಂದ ಇಳಿದು ಬಾ ಎಂದರೆ ದನಕ್ಕೆ ಇಳಿಯುವಷ್ಟು ತ್ರಾಣವಿಲ್ಲ.

ಆದ್ದರಿಂದ ಇವತ್ತು ಸುಳ್ಳು ಬರೆಯುವುದಿಲ್ಲ. ನನಗೆ ಜ್ವರ ಬಂದಿರಲಿಲ್ಲ.

ಬೂದಿ ಎತ್ತು ನನ್ನ ತಮ್ಮ ಎಕಾಲ್‌ನ ಹಟ್ಟಿಯಲ್ಲಿದೆ. ನಿನ್ನಣ್ಣನನ್ನು ಬಾಗಿಲಲ್ಲಿ ಹೊಡೆದವನು ಅವನೇ. ಬಲಭುಜದ ಮೇಲೆ ಅದಕ್ಕಾಗಿ ಗೀರು ಹಾಕಿಸಿಕೊಂಡಿದ್ದಾನೆ, ಸಾಲು ಸಾಲಾಗಿ. ಆ ದಿನ ನಾನು ಜೊತೆಗಿರಲಿಲ್ಲ. ಇದ್ದಿದ್ದರೆ ನಾನೂ ಹೊಡೆಯುತ್ತಿದ್ದೆ, ಅದರ ಬಗ್ಗೆ ನನಗೆ ಭ್ರಮೆಯಿಲ್ಲ. ಆ ಎತ್ತನ್ನು ನೋಡಿದ್ದೇ ಅವನಿಗೆ ಹುಚ್ಚು ಹಿಡಿಯಿತು. ಮಾರಲಿಲ್ಲ, ಕೊಯ್ಯಲಿಲ್ಲ. ಕೊರಳಿಗೆ ಗಂಟೆ ಕಟ್ಟಿದ, ಹಾಡು ಕಟ್ಟಿದ. ಈಗ ಬಯಲಲ್ಲಿ ಎಕಾಲ್ ಎಂದರೆ ಯಾರಿಗೂ ತಿಳಿಯುವುದಿಲ್ಲ. ಅಪಾಲೊಪುಸ್ ಎಂದರೇ ಗೊತ್ತು.

ನಿನಗೆ ಹೇಳಿದ್ದರೆ ನೀನು ಎತ್ತನ್ನು ಕೇಳುತ್ತಿರಲಿಲ್ಲ, ಅವನನ್ನು ಕೇಳುತ್ತಿದ್ದೆ. ಅದಕ್ಕೇ ಮುಚ್ಚಿಟ್ಟೆ. ನಿನ್ನೆ ಅವನ ಹಟ್ಟಿಗೆ ಹೋದೆ.

"ಎತ್ತು ಕೊಡೋ. ಅವ್ವ ಮೇಲಿದಾಳೆ" ಎಂದೆ.

"ಅಣ್ಣಾ, ನೀನು ಫಾರಂ ತುಂಬಿ ತುಂಬಿ ಹೆಂಗಸಾದೆ."

"ಒಂದು ಎತ್ತು, ಎಕಾಲ್."

"ಒಂದು ಎತ್ತಲ್ಲ. ಅದನ್ನ ಕೊಟ್ರೆ ನಾಳೆ ನನ್ನ ಏನಂತ ಕರೀತಾರೆ? ಹುಡುಗೀರು ಯಾವ ಹಾಡಿಗೆ ಚಪ್ಪಾಳೆ ತಟ್ತಾರೆ? ನಿನ್ನ ಎತ್ತು ಸತ್ತಾಗ ನೀನು ಎಷ್ಟು ದಿನ ಮಣ್ಣು ತಿಂದೆ ನೆನಪಿದೆಯಾ? ನಾಲ್ಕು ದಿನ ನಿನ್ನ ಕೈಕಾಲು ಕಟ್ಟಿ ಕಾದೋನು ನಾನು."

ಅದು ನಿಜ. ನನ್ನ ಕೆಂಚೆತ್ತು ಸತ್ತಾಗ ನಾನು ಈಟಿಯ ಮೇಲೆ ಬೀಳಲು ಹೋಗಿದ್ದೆ. ವಾಪಸು ಬಂದೆ.

ಮೇಡಂ ನಿನ್ನ ಫಾರಂ ನೋಡಿದ್ದಾರೆ. ಎರಡೂ ಸರ್ಕಾರದ ಸೈನಿಕರು ಹೊರಡಲು ತಯಾರಾಗಿದ್ದರಂತೆ, ಇವರೇ ತಡೆದು ನಿಲ್ಲಿಸಿದ್ದಾರೆ. "ಸೈನಿಕರು ಬಂದ್ರೆ ಮೊದಲು ಸಾಯೋದು ಕೊರಕಲಲ್ಲಿರೋರು. ಮೂರು ವಾರ ಬಿಡಿ ಅಂತ ಎರಡು ರಾಜಧಾನಿಗೂ ಕಾಲಿಗೆ ಬಿದ್ದು ಕೇಳಿದೀನಿ" ಎಂದರು. ಎತ್ತಿನ ವಿಷಯದಲ್ಲಿ ತಪ್ಪಾಯಿತು, ನಿನ್ನ ಅತ್ತಿಗೆಗೆ ಹೇಳು ಎಂದೂ ಹೇಳಿದರು. ಹೇಳಿದ್ದೇನೆ.

ಎಸೆಕೊನ್

*

ಕಲಪಾಟಾ
ಮಾರ್ಚ್ 2

ಎಸೆಕೊನ್,

ಎಕಾಲ್.

ಮೂರು ವರ್ಷ ನನಗೆ ಬೇಕಾಗಿದ್ದದ್ದು ಈ ಮೂರಕ್ಷರ. ಇಲ್ಲಿ ಯಾರಿಗೂ ಹೇಳಿಲ್ಲ. ದಯೆ ಎಂದು ತಿಳಿಯಬೇಡ. ಹೇಳಿದರೆ ಬೇರೆ ಯಾರಾದರೂ ಮೊದಲು ಹೋಗಿಬಿಡುತ್ತಾರೆ, ಅದು ನನಗೆ ಇಷ್ಟವಿಲ್ಲ.

ಕೊರಕಲಿಗೆ ಹೋಗಿದ್ದೆ. ಬಂಡೆಯ ಮರೆಯಿಂದ ನಿನ್ನ ತಾಯಿಯನ್ನು ನೋಡಿದೆ. ಹಸುವಿನ ಮೂತಿಗೆ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ಕಂಡು ಓಡಲಿಲ್ಲ. "ಏನಪ್ಪ ನೋಡ್ತೀಯ? ಹೊಡಿಯೋದಾದ್ರೆ ಹೊಡಿ, ಇಲ್ಲಾಂದ್ರೆ ಈ ಕಡೆ ಕಾಲು ಹಿಡಿ, ಎತ್ತಿ ನಿಲ್ಲಿಸೋಣ" ಎಂದಳು. ನಾನು ಹಿಡಿಯಲಿಲ್ಲ. ಹಿಂದಕ್ಕೆ ಬಂದೆ.

ಹುಡುಗರನ್ನು ಚಂದ್ರ ತುಂಬುವವರೆಗೆ ಹಿಡಿದಿರುತ್ತೇನೆ. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಲೊಕುತ್ ಅಜ್ಜ ನನ್ನ ಜೊತೆ ನಿಂತಿದ್ದಾನೆ. ಯಾಕೆ ತಡೆಯುತ್ತೀಯ ಎಂದು ಹುಡುಗರು ಕೇಳಿದ್ದಕ್ಕೆ, ದೇಶಗಳ ಸಂಘ ಲಾರಿ ತುಂಬ ಜೋಳ ಕಳಿಸುತ್ತದೆ ಎಂದು ಸುಳ್ಳು ಹೇಳಿದ್ದೇನೆ. ನಿನ್ನ ಮೇಡಂಗೆ ತಿಳಿಸು, ನನ್ನ ಮಾತು ಉಳಿಯಬೇಕಾದರೆ ಒಂದು ಲಾರಿ ಬರಬೇಕು.

ನನ್ನ ಷರತ್ತು. ಹದಿನಾಲ್ಕನೇ ತಾರೀಕು, ನಾಮೊರು. ಡೇರೆ ಬೇಡ, ಕುರ್ಚಿ ಬೇಡ, ಮರದ ಕೆಳಗೆ. ಎತ್ತನ್ನು ನಿನ್ನ ತಮ್ಮನೇ ತರಬೇಕು, ಹಗ್ಗ ಅವನ ಕೈಯಲ್ಲೇ ಇರಬೇಕು. ಎತ್ತನ್ನು ನಾನು ತಿವಿಯುತ್ತೇನೆ. ಆಮೇಲೆ ನೀರಿನ ಮಾತು.

ನೀನು ಬರಬೇಡ. ನಿನ್ನ ಮಂದಿ ಯಾರೂ ಬರಬೇಡ. ಅವನ ಜೊತೆ ದನ ಹೊಡೆಯುವವರು ಇಬ್ಬರು ಸಾಕು. ನೀನು ಬಂದರೆ ಮಾತಾಡುತ್ತೀಯ, ನಿನ್ನ ಮಾತು ಕೇಳಿ ನನಗೆ ಸಾಕಾಗಿದೆ.

ಅವನ ಜೀವಕ್ಕೆ ನಾನು ಹೊಣೆ ಎಂದು ಬರೆಯಲೇ? ಬರೆಯುವುದಿಲ್ಲ. ಆ ದಿನ ಈಟಿ ನನ್ನ ಕೈಯಲ್ಲಿರುತ್ತದೆ. ಎತ್ತು ಎಡಕ್ಕಿರುತ್ತದೆ, ಅವನು ಬಲಕ್ಕಿರುತ್ತಾನೆ. ಅಷ್ಟೇ ನನಗೆ ಗೊತ್ತಿರುವುದು.

ಲೊಚಾಪ್

*

ಒರೊಪೊಯ್
ಮಾರ್ಚ್ 9

ಲೊಚಾಪ್,

ನಿನ್ನ ಕಾಗದವನ್ನು ಎಕಾಲ್‌ಗೆ ಓದಿ ಹೇಳಿದೆ, ಕೊನೆಯ ಮಾತನ್ನೂ ಬಿಡದೆ. ನಕ್ಕ. "ಕರೀತಾನಾ? ಬರಲ್ಲ ಅಂತ ಹೇಳು" ಎಂದ. ಮೂರು ದಿನ ಅದೇ ಮಾತು.

ಅವನನ್ನು ಎಬ್ಬಿಸಿದವಳು ಅವ್ವ. ಕೊರಕಲಿನಿಂದ ಒಬ್ಬಳೇ ಇಳಿದು ಬಂದಳು, ಎರಡು ದಿನ ನಡೆದು. ಹಟ್ಟಿಯ ನಡುವೆ ಸೆಗಣಿಯ ಮೇಲೆ ಕೂತು ತೊಗಲಿನ ಲಂಗದ ಗಂಟಿಗೆ ಕೈ ಹಾಕಿದಳು. ತಾಯಿ ಅದನ್ನು ಬಿಚ್ಚಿ ಮಗನ ಕಡೆ ಕೊಡವಿದರೆ ಏನಾಗುತ್ತದೆ ಎಂದು ನಿಮ್ಮಲ್ಲೂ ಗೊತ್ತು. ಅವನ ದನವೂ ಉಳಿಯುವುದಿಲ್ಲ, ಬೀಜವೂ ಉಳಿಯುವುದಿಲ್ಲ.

"ಅವ್ವಾ, ಕೈ ತೆಗಿ" ಎಂದು ಅವನು ಹಿಂದೆ ಸರಿದ.

"ಯಾರಿಗೆ ಅವ್ವ? ನಾನು ಹೆತ್ತಿದ್ದು ಎಕಾಲ್‌ನ. ಅಪಾಲೊಪುಸ್ ಅನ್ನೋನ್ನ ಬೇರೆ ಯಾರೋ ಹೆತ್ತಳು. ಅವಳೂ ಅಳ್ತಾ ಇರ್ಬೇಕು ಎಲ್ಲೋ."

"ಊರೆಲ್ಲ ಆ ಹೆಸರಲ್ಲಿ ಕರೆಯುತ್ತೆ."

"ಊರಿಗೇನು, ಕತ್ತೆಗೂ ಹೆಸರಿಡುತ್ತೆ. ಮೂರು ವರ್ಷದಲ್ಲಿ ಒಂದು ಸಲಾನಾದ್ರೂ ನನ್ನ ಬಾಯಲ್ಲಿ ಆ ಹೆಸರು ಬಂತಾ, ಹೇಳು?"

ಅವನು ಯೋಚಿಸಿದ. ನಾನೂ ಯೋಚಿಸಿದೆ. ಒಂದು ಸಲವೂ ಬಂದಿರಲಿಲ್ಲ. ಇಷ್ಟು ದಿನ ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ.

ಬರುತ್ತಾನೆ. ಹಗ್ಗ ಹಿಡಿದುಕೊಂಡೇ ಬರುತ್ತಾನೆ. ಅವ್ವ ಇಲ್ಲಿ ನನ್ನ ಹಟ್ಟಿಯಲ್ಲೇ ಇದ್ದಾಳೆ, ಕಾಲು ಬಾತಿದೆ. ನಾನು ಬರುವುದಿಲ್ಲ. ಜೋಳದ ಲಾರಿ ಹನ್ನೆರಡಕ್ಕೆ ನಿಮ್ಮ ಕಡೆ ಹೊರಡುತ್ತದೆ. ನೀನು ಸುಳ್ಳು ಹೇಳಿದ್ದನ್ನು ನಿಜ ಮಾಡುತ್ತಿದ್ದೇನೆ ಎಂದು ಮೇಡಂ ಹೇಳಿಕಳಿಸಿದ್ದಾರೆ.

ನಿನ್ನ ಈಟಿ ಬಲಕ್ಕೆ ತಿರುಗಿದರೆ ಇನ್ನು ಮುಂದೆ ನಾನು ಕಾಗದ ಬರೆಯುವುದಿಲ್ಲ. ನಾನೇ ಬರುತ್ತೇನೆ.

ಎಸೆಕೊನ್

*

ಒರೊಪೊಯ್
ಮಾರ್ಚ್ 17

ಲೊಚಾಪ್,

ಮೂರು ದಿನವಾಯಿತು. ಎಕಾಲ್ ಬಂದಿಲ್ಲ. ಅವನ ಜೊತೆ ಹೋದ ಇಬ್ಬರೂ ಬಂದಿಲ್ಲ. ಮೇಡಂರ ಜೀಪು ಆ ಕಡೆಯಿಂದಲೇ ದಕ್ಷಿಣಕ್ಕೆ ಹೋಯಿತಂತೆ.

ಸಂತೆಯಲ್ಲಿ ಒಬ್ಬ ಮೇಲಿನಿಂದ ಇಳಿದವನು "ನಾಮೊರುವಿನ ಮರದ ಕೆಳಗೆ ನೆಲ ಕೆಂಪಾಗಿತ್ತು, ಒಬ್ಬನನ್ನು ನಾಲ್ಕು ಜನ ನೆಲಕ್ಕೆ ಒತ್ತಿ ಹಿಡಿದಿದ್ದರು" ಎಂದ. ಅಷ್ಟು ಕೇಳಿದ್ದೇ ಅವ್ವ ಹಟ್ಟಿಯ ಬಾಗಿಲಿಗೆ ಹೋಗಿ ಕೂತಿದ್ದಾಳೆ. ಬಯಲಿನ ಹುಡುಗರು ನನ್ನ ಹಟ್ಟಿಯ ಸುತ್ತ ಬಂದು ಕೂತಿದ್ದಾರೆ. ಒಂದು ಮಾತು ಹೇಳು ಸಾಕು, ಹೊರಡುತ್ತೇವೆ ಎನ್ನುತ್ತಿದ್ದಾರೆ.

ಈ ಸಲ ನಾಲೆಮ್‌ಗೆ ಓಡಿಕೊಂಡು ಹೋಗು ಎಂದಿದ್ದೇನೆ. ಅವನು ಸತ್ತಿದ್ದರೆ ಸತ್ತ ಎಂದು ಬರಿ. ಉಳಿದ ಬೈಗುಳ ನನಗೆ ಬೇಡ.

ಎಸೆಕೊನ್

*

ನಾಮೊರು ಹೊಂಡ
ಮಾರ್ಚ್ 19

ಎಸೆಕೊನ್,

ನಿನ್ನ ತಮ್ಮ ಬದುಕಿದ್ದಾನೆ. ಇದನ್ನು ಮೊದಲು ನಿನ್ನ ತಾಯಿಗೆ ಹೇಳು, ಆಮೇಲೆ ಹಟ್ಟಿಯ ಸುತ್ತ ಕೂತಿರುವವರಿಗೆ ಹೇಳು. ಹೇಳಿ ಬಂದು ಉಳಿದದ್ದನ್ನು ಓದು.

ಹೊತ್ತು ಏರುವಷ್ಟರಲ್ಲಿ ಅವನು ಬಂದ. ಹಗ್ಗ ಕೈಯಲ್ಲಿತ್ತು, ಆದರೆ ಎಳೆಯುತ್ತಿರಲಿಲ್ಲ. ಎತ್ತು ಅವನ ಭುಜಕ್ಕೆ ಮೂತಿ ತಾಗಿಸಿಕೊಂಡು ತಾನಾಗಿ ನಡೆದು ಬರುತ್ತಿತ್ತು. ಬಯಲಿನ ದನವೆಲ್ಲ ಎಲುಬಿನ ಗೂಡಾಗಿರುವಾಗ ಅದೊಂದು ಮಾತ್ರ ಮೈತುಂಬಿಕೊಂಡಿತ್ತು. ತನ್ನ ಪಾಲಿನ ನೀರನ್ನು ಅದಕ್ಕೆ ಕುಡಿಸಿದ್ದಾನೆ ಎಂದು ಅವನ ತುಟಿ ನೋಡಿದರೇ ತಿಳಿಯುತ್ತಿತ್ತು. ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಎಡಗೊಂಬನ್ನು ಪೂರ್ತಿ ಬಾಗಿಸಿದ್ದಾನೆ. ಅತ್ತಿಗೆ ಹತ್ತಿರ ಹೋಗಿ ಕೊಂಬು ಸವರಿ, "ಚೆನ್ನಾಗಿ ನೋಡ್ಕೊಂಡಿದೀಯ ಕಣೋ, ಕೊಲೆಗಡುಕ" ಎಂದಳು. ಅದು ನನಗೆ ಸಹಿಸಲಾಗಲಿಲ್ಲ. ಅವನು ಅದನ್ನು ಉಪವಾಸ ಕೆಡವಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೇಡಂ ನೆಲದ ಮೇಲೆ, ಹೆಂಗಸರ ಜೊತೆ ಕೂತಿದ್ದರು.

ನಾನು ಈಟಿ ಎತ್ತಿದೆ. ಎತ್ತು ಎಡಕ್ಕೆ, ಅವನು ಬಲಕ್ಕೆ. ಅವನು ನನ್ನನ್ನು ನೋಡಲೇ ಇಲ್ಲ. ಎತ್ತಿನ ಕಿವಿಯಲ್ಲಿ ಏನೋ ಹಾಡುತ್ತಿದ್ದ. ನಾನು ಬಲಕ್ಕೆ ನೋಡಿದೆ, ಸುಳ್ಳು ಹೇಳುವುದಿಲ್ಲ, ಎಷ್ಟೋ ಹೊತ್ತು ನೋಡಿದೆ. ಲೊಕುತ್ ಅಜ್ಜ ಕೆಮ್ಮಿದ. ಎಡಕ್ಕೆ ತಿವಿದೆ.

ಅಣ್ಣನ ಹೆಸರು ಮುಗಿಯಿತು. ಅತ್ತಿಗೆ ಅಲ್ಲೇ ಮಣಿಸರ ಬಿಚ್ಚಿದಳು.

ಎತ್ತು ಮೊಣಕಾಲೂರುವ ಹೊತ್ತಿಗೆ ನಿನ್ನ ತಮ್ಮ ಯಾರದೋ ಈಟಿ ಕಿತ್ತುಕೊಂಡ. ನನ್ನ ಮೇಲೆ ಬರುತ್ತಾನೆ ಎಂದು ಅಣಿಯಾದೆ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಅವನು ಹಿಡಿಯನ್ನು ನೆಲಕ್ಕೆ ಊರಿ ಮೊನೆಯನ್ನು ತನ್ನ ಹೊಟ್ಟೆಗೆ ತಿರುಗಿಸಿಕೊಂಡ. ಅದನ್ನು ಒದ್ದು ಬೀಳಿಸಿದವನು ನಾನು. ಯಾಕೆ ಎಂದು ಕೇಳಬೇಡ. ಕಾಲು ತಾನಾಗಿ ಮುಂದೆ ಹೋಯಿತು. ನಾಲ್ಕು ಜನ ಸೇರಿ ಒತ್ತಿ ಹಿಡಿದೆವು. ಸಂತೆಯವನು ಕಂಡದ್ದು ಅದನ್ನೇ. ಕೆಂಪು, ಎತ್ತಿನದು.

ಅದೇ ಹೊತ್ತಿಗೆ ಕೊರಕಲಿನಲ್ಲಿದ್ದ ನಿಮ್ಮ ದನವೆಲ್ಲ ಗಾಳಿಯಲ್ಲಿ ನೀರಿನ ವಾಸನೆ ಹಿಡಿದು ಹೊಂಡದ ಕಡೆ ನುಗ್ಗಿದವು. ಅವನ ಜೊತೆ ಬಂದಿದ್ದ ಇಬ್ಬರೂ ಅವುಗಳ ಹಿಂದೆ ಓಡಿದರು. ಇನ್ನೂ ಅವನ್ನೇ ಸರದಿಯಲ್ಲಿ ನಿಲ್ಲಿಸುತ್ತಿದ್ದಾರೆ. ನಮ್ಮ ಹುಡುಗರು ತಡೆಯಲಿಲ್ಲ. ಲೊಕುತ್ ಅಜ್ಜ ಮಳೆಯವರೆಗೆ ನೀರು ನಿಮ್ಮದೂ ಎಂದು ಎಲ್ಲರ ಮುಂದೆ ಹರಕೆಯ ಉಗುಳು ಉಗುಳಿ ಹೇಳಿದ. ಮೇಡಂ ಅದನ್ನು ಬರೆದುಕೊಂಡು, ಎರಡೂ ರಾಜಧಾನಿಗೆ ತಾವೇ ಮುಟ್ಟಿಸಲು ಹೋದರು.

ಎಲ್ಲರೂ ಎದ್ದ ಮೇಲೆ ಅಜ್ಜ ಕೇಳಿದ, "ಎತ್ತು ಸತ್ತೋನ್ನ ಒಂಟಿಯಾಗಿ ಬಿಡೋ ಹಾಗಿಲ್ಲ. ಇವನ ಅಣ್ಣ ಎಲ್ಲಿ? ಓರಗೆಯೋರು ಎಲ್ಲಿ?"

"ಬರಬೇಡಿ ಅಂದಿದ್ದೆ" ಎಂದೆ.

"ಓಹೋ, ಅಂದಿದ್ದೆಯಾ? ಹಾಗಾದ್ರೆ ನೀನೇ ಕೂರು."

ಐದು ದಿನದಿಂದ ಕೂತಿದ್ದೇನೆ. ನನ್ನ ಅಣ್ಣನನ್ನು ಕೊಂದವನು ಸಾಯದ ಹಾಗೆ ಕಾಯುತ್ತಾ. ಮೊದಲ ಎರಡು ದಿನ ಕೈಕಾಲು ಕಟ್ಟಿದ್ದೆ. ಮಣ್ಣು ತಿಂದ. ಬಾಯಿಂದ ಬೆರಳು ಹಾಕಿ ತೆಗೆದೆ, ಕಚ್ಚಿದ, ಹೊಡೆದೆ. ಅವನನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ಆ ಹೆಸರು ಮುಗಿಯಿತು, ಎಕಾಲ್ ಎಂದರೆ ತಿರುಗುವುದಿಲ್ಲ. "ಏ" ಎನ್ನುತ್ತೇನೆ. ಅದಕ್ಕೆ ತಿರುಗುತ್ತಾನೆ. ಭುಜದ ಮೇಲಿನ ಗೀರುಗಳು ನನ್ನ ಕಣ್ಣ ಮುಂದೆಯೇ ಇರುತ್ತವೆ, ಎಣಿಸಿ ಎಣಿಸಿ ಬಾಯಿಪಾಠವಾಗಿವೆ. ನಿನ್ನೆ ಹಾಲು ಕುಡಿದ. ಕುಡಿಯುವಾಗ ಅತ್ತ. ಅವನ ದುಃಖಕ್ಕೆ ನನಗೆ ಮರುಕವಿಲ್ಲ. ಮೂರು ವರ್ಷದ ಹಿಂದೆ ನನ್ನನ್ನು ಹೀಗೆ ಕಾಯಲು ಯಾರೂ ಇರಲಿಲ್ಲ, ಅದು ನೆನಪಾಗಿ ಸಿಟ್ಟು ಬರುತ್ತದೆ.

ನನ್ನ ದನ ನೀರು ಕಂಡು ಎರಡು ದಿನವಾಯಿತು. ಇವನನ್ನು ಬಿಟ್ಟು ಏಳುವ ಹಾಗಿಲ್ಲ. ಯಾರನ್ನಾದರೂ ಕಳಿಸು, ಗಟ್ಟಿಯಾದವರನ್ನು. ನೀನೇ ಬಂದರೂ ಆದೀತು. ಹಾದಿಯಲ್ಲಿ ನಿನ್ನನ್ನು ಯಾರೂ ಮುಟ್ಟದ ಹಾಗೆ ಹೇಳಿಟ್ಟಿದ್ದೇನೆ.

ಇದನ್ನು ಬರೆಯುತ್ತಿರುವಾಗ ಅವನು ಎದ್ದು ಕೂತು, ಈಟಿ ಎಲ್ಲಿ ಎಂದು ಕೇಳಿದ. ಸುಮ್ಮನೆ ಮಲಗೋ ಎಂದು ಗದರಿದೆ. ಮಲಗಿದ. ಬೇಗ ಬಾ.

ಲೊಚಾಪ್